ಹದಿನಾಲ್ಕನೆಯ ಅಧ್ಯಾಯದ ಮೇಷ್ಟ್ರು

ಕಾಲೀಘಾಟ್, ಕಲಕತ್ತಾ
19 ಆಗಸ್ಟ್ 1970

ಝಡು,

‘ಯಾರೆಂದು ಕೇಳದೆ ಅಮ್ಮ ಬಾಗಿಲು ತೆರೆದಳು.’ ಹೀಗೇ ಇತ್ತಲ್ಲವೇ ಆ ಸಾಲು? ಅಥವಾ ಯಾರೆಂದು ಕೇಳಿ, ಆಮೇಲೆ ತೆರೆದಳೇ? ಮೂರು ದಿನದಿಂದ ನೊಣದ ಹಾಗೆ ತಲೆಯ ಸುತ್ತ ತಿರುಗುತ್ತಿದೆ. ಕೇಳದೆ ತೆರೆದಿದ್ದರೆ ಅವಳು ಧೈರ್ಯವಂತೆ. ಕೇಳಿ ತೆರೆದಿದ್ದರೆ ಬರೀ ಒಳ್ಳೆಯವಳು. ಹದಿನಾಲ್ಕು ವರ್ಷದ ಹುಡುಗ ಯಾವುದನ್ನು ಬರೆದಿದ್ದಾನು?

ಆರು ವರ್ಷಗಳ ನಂತರ ಬರೆಯುವ ಕಾಗದ ಹೀಗೆ ಶುರುವಾಗಬಾರದು, ಗೊತ್ತು. ಕ್ಷೇಮಸಮಾಚಾರದಿಂದ ಶುರುಮಾಡಿ ಎರಡು ಹಾಳೆ ಹರಿದುಹಾಕಿದ್ದೇನೆ.

ಬಾರಿಸಾಲಿನ ನಮ್ಮ ಗೋಡೆಪತ್ರಿಕೆ ‘ಕಾಶಬನ’ ನೆನಪಾಯಿತು. ಕವಿತೆ ಬರೆಯುವವನು ನೀನು, ಅಕ್ಷರ ಚೆನ್ನಾಗಿದೆ ಎಂದು ನಕಲು ಮಾಡುವವಳು ನಾನು, ಅಂಟು ಕಲಸುವವರು ನಿನ್ನ ಅಮ್ಮ. ಶಾಲೆಯ ಗೋಡೆಗೆ ಐದು ಸಂಚಿಕೆ ಅಂಟಿಸಿದೆವು. ಮೊದಲನೆಯದರಲ್ಲೇ ಆ ಕವಿತೆ ಇತ್ತು. ಬಿರುಗಾಳಿಯ ದಿನ, ನೀನು ಹುಟ್ಟುವುದಕ್ಕೆ ಒಂದು ಗಳಿಗೆ ಮೊದಲು, ಯಾರೋ ನಿಮ್ಮ ಬಾಗಿಲು ಬಡಿದ ಕಥೆ. ಬಿರುಗಾಳಿಯಲ್ಲಿ ಹುಟ್ಟಿದವನೆಂದು ತಾನೇ ನಿನಗೆ ಮನೆಯಲ್ಲಿ ‘ಝಡು’ ಎಂದು ಹೆಸರಿಟ್ಟದ್ದು.

ಈಗ ಪತ್ರಿಕೆಯ ದುರ್ಗಾಪೂಜಾ ವಿಶೇಷ ಸಂಚಿಕೆಗೆ ಕಾದಂಬರಿ ಬರೆಯುತ್ತಿದ್ದೇನೆ. ಹೆಸರು ‘ಹಾಜರಿ’. ಒಂಬತ್ತು ಅಧ್ಯಾಯ ಮುಗಿದಿವೆ, ಅದರಲ್ಲಿ ಏಳು ಆಗಲೇ ಅಚ್ಚಾಗಿವೆ. ಹಿಂದಿನದನ್ನು ತಿದ್ದುವಂತಿಲ್ಲ, ಮುಂದಿನದು ನನಗೇ ಗೊತ್ತಿಲ್ಲ. ಪ್ರೆಸ್ಸಿನ ಅಬನಿಬಾಬು ಬೆಳಗ್ಗೆ ಬಂದು ವರಾಂಡದ ಬೆತ್ತದ ಸ್ಟೂಲಿನ ಮೇಲೆ ಕೂತರೆ ಏಳುವುದಿಲ್ಲ.

“ದಿದಿ, ಇವತ್ತು ನಾಲ್ಕು ಹಾಳೆಯಾದ್ರೂ ಬೇಕು. ಅಚ್ಚಿನ ಮೊಳೆ ಜೋಡಿಸೋರು ಕೈ ಕಟ್ಕೊಂಡು ಕೂತಿದಾರೆ.”

“ನನ್ನ ನಾಯಕನಿಗೆ ಇವತ್ತು ಜ್ವರ, ಅಬನಿಬಾಬು.”

“ಒಳ್ಳೇದೇ ಆಯ್ತು, ಮಲಗಿರ್ತಾನೆ. ಮಲಗಿದ್ದನ್ನೇ ಬರೀರಿ.”

ಕಾದಂಬರಿಯಲ್ಲಿ ಒಬ್ಬ ಶಾಲಾ ಮೇಷ್ಟ್ರಿದ್ದಾನೆ. ಹೆಸರೇನಿಡಲಿ ಎಂದು ಯೋಚಿಸುವ ಮೊದಲೇ ಕೈ ಬರೆದುಬಿಟ್ಟಿತು. ಯಾವ ಹೆಸರೆಂದು ಹೇಳುವುದಿಲ್ಲ, ಸಂಚಿಕೆ ಬಂದಾಗ ನೋಡು. ಇಡೀ ಕಾದಂಬರಿಯಲ್ಲಿ ಅವನೊಬ್ಬನೇ ಒಳ್ಳೆಯವನು.

ಪ್ರತಿ ವರ್ಷ ಬಿಜಯಾ ದಶಮಿ ಮುಗಿದ ಮೇಲೆ ನೀನು ಹಾಕುವ ಕಾರ್ಡು ತಪ್ಪದೆ ಬಂದಿದೆ. ದೇವಿಯನ್ನು ನೀರಿಗೆ ಬಿಟ್ಟ ಮೇಲೆ ಜಗಳವಾಡಿದವರಿಗೂ ಎರಡು ಸಾಲು ಬರೆಯಬೇಕು ಎನ್ನುವುದನ್ನು ನೀನು ಬಿಡಲಿಲ್ಲ. ನಾನು ಉತ್ತರಿಸಲಿಲ್ಲ. ಆದರೆ ಆರೂ ಕಾರ್ಡು ನನ್ನ ನಿಘಂಟಿನೊಳಗಿವೆ. ಅರವತ್ತನಾಲ್ಕರ ಆ ಸಭೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಸಾಲು ಯಾವುದು, ಹೇಳು.

ಬುಲು

*

ನಬಪಲ್ಲಿ ಕಾಲನಿ
2 ಸೆಪ್ಟೆಂಬರ್ 1970

ಶ್ರೀಮತಿ ಹಿರಣ್ಮಯಿ ಸೋಮ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಆರು ವರ್ಷದ ಮೇಲೆ ನಿಮಗೆ ನನ್ನಿಂದ ಬೇಕಾಗಿರುವುದು ಒಂದು ಸಾಲು ಮಾತ್ರ ಎಂದು ತಿಳಿದು ನಿರಾಳವಾಯಿತು. ಹೆಚ್ಚಿನದೇನಾದರೂ ಕೇಳಿದ್ದರೆ ಹೊಂದಿಸುವುದು ಕಷ್ಟವಿತ್ತು.

ನೀವು ಬರೆದ ಎರಡು ಸಾಲೂ ತಪ್ಪು. ಸರಿಯಾದದ್ದು ನನಗೆ ನೆನಪಿದೆ. ಅದನ್ನು ಅಚ್ಚಿಗೆ ಕೊಡುವ ಮನಸ್ಸಿಲ್ಲ.

ಸಭೆಯ ಬಗ್ಗೆ ಬರೆಯುವುದಿಲ್ಲ ಎಂದು ನೀವು ಬರೆದಿದ್ದೀರಿ. ನಾನು ಬರೆಯಬಲ್ಲೆ. ಇನ್ನೂರು ಜನರ ಎದುರಿಗೆ ನೀವು ನನ್ನನ್ನು ‘ಹಾಜರಿ ಕೂಗುವ ಗುಮಾಸ್ತ’ ಎಂದಿರಿ. ಸರಿಯಾಗಿಯೇ ಹೇಳಿದಿರಿ, ಇಂದಿಗೂ ಕೂಗುತ್ತಿದ್ದೇನೆ. ನಲವತ್ತೆರಡು ಹೆಸರು ಕೂಗಿದರೆ ಹನ್ನೊಂದಕ್ಕೆ ಉತ್ತರ ಬರುತ್ತದೆ. ಉಳಿದವರು ಪತ್ರಿಕೆಯಲ್ಲಿ ನಿಮ್ಮ ಅಂಕಣ ಓದಿ ಕ್ರಾಂತಿ ಮಾಡಲು ಹೋಗಿದ್ದಾರೆ. ಕಳೆದ ವಾರ ಶಾಲೆಯ ಪುಸ್ತಕದ ಬೀರುಗಳಿಗೆ ಬೆಂಕಿ ಹಚ್ಚಿದರು. ನಿಮ್ಮ ಎರಡು ಕಾದಂಬರಿಗಳೂ ಅದರಲ್ಲಿದ್ದವು. ಓದಿದ್ದರೆ ಸುಡುತ್ತಿರಲಿಲ್ಲ ಎಂದು ನೀವು ಹೇಳಬಹುದು. ಓದಿಯೇ ಸುಟ್ಟರೆಂದು ನನ್ನ ಅನುಮಾನ.

ದೂರು ಕೊಡಲು ಹೆಡ್‌ಮಾಸ್ಟರರಿಗೆ ಧೈರ್ಯವಿಲ್ಲ. ನನ್ನನ್ನು ಕಳಿಸಿದರು. ಠಾಣೆಯ ಬೆಂಚಿನ ಮೇಲೆ ಒಂದು ಮಧ್ಯಾಹ್ನವೆಲ್ಲ ಕೂತಿದ್ದೆ. ಎದುರಿಗೆ ಒಂದು ಕಾಲಿಲ್ಲದ ಮೇಜು, ಕಾಲಿನ ಬದಲು ಹಳೆಯ ಪಂಚಾಂಗಗಳ ಕಟ್ಟು. ಸಂಜೆ ಒಬ್ಬ ಪೊಲೀಸಿನವನು ಬಂದು, “ಸುಟ್ಟಿದ್ದು ಯಾರು ಅಂತ ಹೆಸರು ಹೇಳಿದ್ರೆ ಬರ್ಕೋತೀನಿ, ಪುಸ್ತಕದ ಹೆಸರು ಹೇಳಿದ್ರೆ ಏನ್ ಮಾಡ್ಲಿ?” ಎಂದ. ಪುಸ್ತಕಗಳ ಪಟ್ಟಿಯನ್ನಷ್ಟೇ ಕೊಟ್ಟು ಬಂದೆ.

ನಿಮ್ಮ ಮೇಷ್ಟ್ರಿಗೆ ಏನು ಹೆಸರಿಟ್ಟರೂ ನನ್ನ ಆಕ್ಷೇಪವಿಲ್ಲ. ನೀವು ಯಾವಾಗ ಯಾರನ್ನು ಕೇಳಿದ್ದೀರಿ?

ಇತಿ,
ಕಿರಣ್‌ಶಂಕರ್ ಧರ್

*

ನಬಪಲ್ಲಿ ಕಾಲನಿ
13 ಅಕ್ಟೋಬರ್ 1970

ಪೂಜ್ಯ ದಿದಿ,

ಬಿಜಯಾ ಪ್ರಣಾಮಗಳು. ಈ ವರ್ಷ ನಮ್ಮವರ ಕಾರ್ಡು ಬರುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಬರೆದದ್ದು ಅವರಿಗೆ ಗೊತ್ತಿಲ್ಲ.

ಸೆಪ್ಟೆಂಬರ್ ಇಪ್ಪತ್ತನಾಲ್ಕರ ಬೆಳಗಿನ ಜಾವ ಪೊಲೀಸರು ನಮ್ಮ ಕಾಲನಿಗೆ ನುಗ್ಗಿ ಮೂವರು ಹುಡುಗರನ್ನು ಎಳೆದುಕೊಂಡು ಹೋದರು. ಒಬ್ಬ, ಎದುರುಮನೆಯ ಕ್ಷೀರೋದಾ ಮಾಸಿಯ ಮೊಮ್ಮಗ ಶಂಟು. ತಂದೆತಾಯಿ ಇಲ್ಲದ ಹುಡುಗ, ಇವರ ಹತ್ತಿರವೇ ಲೆಕ್ಕ ಕಲಿತವನು. ನೇರವಾಗಿ ಅವನ ಮನೆಗೇ ಬಂದರು ದಿದಿ, ಯಾರ ಮನೆಯನ್ನೂ ಹುಡುಕಲಿಲ್ಲ. ಅಂದರೆ ಯಾರೋ ತೋರಿಸಿದ್ದಾರೆ ಎಂದು ಎಲ್ಲರೂ ಮಾತಾಡಿಕೊಂಡರು.

ನಾಲ್ಕು ದಿನಕ್ಕೆ ನಿಮ್ಮ ಪೂಜಾ ಸಂಚಿಕೆ ಬಂತು. ಕಾಲನಿಯ ಕ್ಲಬ್ಬಿನಲ್ಲಿ ಒಂದೇ ಪ್ರತಿ, ಕೈಯಿಂದ ಕೈಗೆ ಹೋಯಿತು. ನಿಮ್ಮ ಹೆಸರಿದ್ದರೆ ಹುಡುಗರು ಮೊದಲು ಅದನ್ನೇ ಓದುವುದು. ಹದಿನಾಲ್ಕನೆಯ ಅಧ್ಯಾಯದಲ್ಲಿ ಮೇಷ್ಟ್ರು ಠಾಣೆಯ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕೂತು, ಹಾಜರಿ ಪುಸ್ತಕ ತೆರೆದು, ಮೂವರು ವಿದ್ಯಾರ್ಥಿಗಳ ಹೆಸರನ್ನು ಓದಿ ಹೇಳುತ್ತಾನೆ. ಆ ಮೇಷ್ಟ್ರಿಗೆ ಇವರ ಹೆಸರಿದೆ. ಶಾಲೆಯ ಹೆಸರಲ್ಲ, ಮನೆಯಲ್ಲಿ ಕರೆಯುವ ಹೆಸರು. ಆ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ಬರೆಯಲಾರೆ. ಕಾಲನಿಯಲ್ಲಿ ಗೋಪಾಲರು ಆರು ಜನ, ಖೋಕನ್‌ಗಳು ಹತ್ತು ಜನ. ಈ ಹೆಸರಿನವರು ಇಡೀ ಕಲಕತ್ತೆಯಲ್ಲಿ ಇವರೊಬ್ಬರೇ ಇದ್ದಾರು.

ಆಗಸ್ಟಿನಲ್ಲಿ ಇವರು ಠಾಣೆಯಲ್ಲಿ ಕೂತಿದ್ದನ್ನು ಬೀದಿಯವರು ಕಂಡಿದ್ದರು.

ಬಿಜಯಾ ದಿನ ತೆಂಗಿನಕಾಯಿ ಉಂಡೆ ಮಾಡಿ ಡಬ್ಬಿ ತುಂಬಿಸಿಟ್ಟೆ. ಯಾರೂ ಬರಲಿಲ್ಲ. ಪ್ರತಿ ವರ್ಷ ಸಾಲುತ್ತಿರಲಿಲ್ಲ. ಮರುದಿನ ಕೊಳವೆಬಾವಿಯ ಹತ್ತಿರ ಕ್ಷೀರೋದಾ ಮಾಸಿ ಸಿಕ್ಕರು.

“ಮಾಸಿಮಾ, ಈ ಸಲ ಉಂಡೆ ತಿನ್ನೋಕೆ ಬರ್ಲೇ ಇಲ್ವಲ್ಲ?”

“ಹಲ್ಲಿಲ್ಲ ಕಣಮ್ಮ.”

“ಹೋದ ವರ್ಷಾನೂ ಇರ್ಲಿಲ್ವಲ್ಲ.”

“ಹೋದ ವರ್ಷ ಶಂಟು ಇದ್ದ.”

ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದರು.

ಅದೇ ಕೊಳವೆಬಾವಿಯ ಗೋಡೆಯ ಮೇಲೆ ಮೊನ್ನೆ ಯಾರೋ ಟಾರಿನಲ್ಲಿ ಇವರ ಹೆಸರು ಬರೆದು, ಪಕ್ಕದಲ್ಲಿ ‘ಹಾಜರಿ ಇನ್ನೆಷ್ಟು ದಿನ?’ ಎಂದು ಬರೆದಿದ್ದಾರೆ. ಪಕ್ಕದ ಕಾಲನಿಯಲ್ಲಿ ಹೋದ ತಿಂಗಳು ಹೀಗೇ ಒಬ್ಬರ ಹೆಸರು ಬರೆದಿದ್ದರು. ಹಾಲು ತರಲು ಹೋದಾಗ, ಬೆಳಗ್ಗೆ ಏಳು ಗಂಟೆಗೆ, ಎಲ್ಲರ ಎದುರು ಮುಗಿಸಿಬಿಟ್ಟರು. ಆಮೇಲೆ ತಿಳಿಯಿತಂತೆ, ಹುಡುಗರನ್ನು ತೋರಿಸಿಕೊಟ್ಟದ್ದು ಅವರಲ್ಲ ಎಂದು.

ನೀವು ದೊಡ್ಡವರು, ನಿಮ್ಮ ಮಾತನ್ನು ಹುಡುಗರು ಕೇಳುತ್ತಾರೆ. ಏನಾದರೂ ಮಾಡಿ ದಿದಿ. ಬೇಗ ಮಾಡಿ.

ನಿಮ್ಮ
ಸುರಮಾ

*

ಕಾಲೀಘಾಟ್
15 ಅಕ್ಟೋಬರ್ 1970

ಝಡು,

ಸುರಮಾಳ ಮೇಲೆ ಕೋಪ ಮಾಡಿಕೊಳ್ಳಬೇಡ. ಅವಳು ಬರೆಯದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಎಲ್ಲರೂ ಕಾದಂಬರಿಯನ್ನು ಹೊಗಳುತ್ತಿದ್ದರು, ನಾನು ಕೇಳಿಸಿಕೊಂಡು ಕೂತಿದ್ದೆ.

ಇವತ್ತೇ ಹೊರಟು ಬನ್ನಿ, ಇಬ್ಬರೂ. ನನ್ನ ತಾರಸಿಯ ಕೋಣೆ ಖಾಲಿ ಇದೆ. ಶಾಲೆಗೆ ಕಾಯಿಲೆ ಎಂದು ಬರೆದು ಕಳಿಸು. ಮುಂದಿನ ವಾರದ ಸಂಚಿಕೆಯಲ್ಲಿ, ಕಾದಂಬರಿಯ ಮೇಷ್ಟ್ರಿಗೂ ಯಾವ ನಿಜವಾದ ಮನುಷ್ಯನಿಗೂ ಸಂಬಂಧವಿಲ್ಲ ಎಂದು ನನ್ನ ಹೆಸರಿನಲ್ಲಿ ಹಾಕಿಸುತ್ತೇನೆ.

ಹೇಗಾಯಿತೆಂದು ಕೇಳುತ್ತೀಯ. ಅವಸರ, ಝಡು. ಮೇಷ್ಟ್ರು ಮೊದಲಿಗೆ ಒಳ್ಳೆಯವನೇ ಆಗಿದ್ದ. ನಿನ್ನ ಹೆಸರಿದ್ದ ಹಾಳೆಗಳು ಆಗಲೇ ಅಚ್ಚಾಗಿ ಒಣಗುತ್ತಿದ್ದವು. ಕೊನೆಗೆ ಬಂದಾಗ ಕಥೆಗೊಬ್ಬ ದ್ರೋಹಿ ಬೇಕಾಯಿತು, ಯಾರೂ ಅನುಮಾನಿಸದವನೇ ಆಗಬೇಕಾಯಿತು. ಹೆಸರು ಬದಲಾಯಿಸಲು ದಾರಿ ಇರಲಿಲ್ಲ. ಪೂಜಾ ಸಂಚಿಕೆಗೆ ಬರೆಯುವವರೆಲ್ಲರ ಹಣೆಬರಹ ಇದು, ಬಾಲ ಬರೆಯುವಷ್ಟರಲ್ಲಿ ತಲೆ ಮಾರಾಟಕ್ಕೆ ಹೋಗಿರುತ್ತದೆ.

ನಿನ್ನೆಯಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಟ್ರಾಮು ಹತ್ತಿದೆ, ಎರಡು ನಿಲ್ದಾಣಕ್ಕೆ ಇಳಿದೆ, ನಡೆದು ವಾಪಸು ಬಂದೆ. ಯಾಕೆ ಹತ್ತಿದೆನೆಂದು ಗೊತ್ತಿಲ್ಲ. ನಾಳೆ ನಾನೇ ಬರಲೇ?

ಬುಲು

*

ನಬಪಲ್ಲಿ
20 ಅಕ್ಟೋಬರ್ 1970

ಬುಲು,

‘ನೀವು’ ಎಂದು ಬರೆದು ಕೋಪ ತೋರಿಸುವಷ್ಟು ವ್ಯವಧಾನ ಈಗಿಲ್ಲ.

ನಾನು ಬರುವುದಿಲ್ಲ. ಓಡಿಹೋದರೆ, ‘ನೋಡಿ, ಓಡಿಹೋದ’ ಎನ್ನುತ್ತಾರೆ. ನೀನೂ ಇಲ್ಲಿಗೆ ಬರಬೇಡ. ನೀನು ಬಂದು ನಮ್ಮ ಮನೆಯ ಮಂಚದ ಮೇಲೆ ಕೂತರೆ, ಲೇಖಕಿಯೇ ಬಂದು ಒಪ್ಪಂದ ಮಾಡಿಕೊಂಡಳು ಎನ್ನುತ್ತಾರೆ. ಪತ್ರಿಕೆಯಲ್ಲಿ ‘ಆ ಝಡು ಈ ಝಡು ಅಲ್ಲ’ ಎಂದು ಹಾಕಿಸಿದರೆ, ಇದುವರೆಗೆ ಕಾದಂಬರಿ ಓದದವರೂ ಓದುತ್ತಾರೆ. ಒಳ್ಳೆಯ ಜಾಹೀರಾತು.

ಯಾರೂ ಬೈಯುವುದಿಲ್ಲ, ಅದೇ ತೊಂದರೆ. ಬಾಯಿಬಿಟ್ಟು ಬೈದಿದ್ದರೆ ತಿರುಗಿ ಎರಡು ಮಾತಾಡಬಹುದಿತ್ತು. ಮೀನಿನವನು ನನ್ನನ್ನು ಕಂಡು ಕೂಗುವುದನ್ನು ನಿಲ್ಲಿಸುತ್ತಾನೆ, ನಾನು ದಾಟಿದ ಮೇಲೆ ಮತ್ತೆ ಕೂಗುತ್ತಾನೆ. ಹಜಾಮ ನಿತಾಯಿ ಮೊನ್ನೆ ಮುಖಕ್ಕೆ ಸೋಪು ಹಚ್ಚಿದವನು ಹಾಗೇ ನಿಂತ.

“ಮಾಸ್ಟರ್‌ಮಶಾಯ್, ಬೇರೆ ಕಡೆ ಮಾಡಿಸ್ಕೊಳ್ಳಿ. ನಿಮ್ಮ ಗಂಟಲ ಹತ್ರ ಬಂದ್ರೆ ನನ್ನ ಕೈ ನಡುಗುತ್ತೆ.”

“ನಡುಗಬೇಕಾದ್ದು ನನ್ನ ಗಂಟಲಲ್ವೇನೋ?”

ಅವನು ಕತ್ತಿ ಮಡಿಸಿಟ್ಟ. ಸೋಪು ಒರೆಸಿಕೊಂಡು ಬಂದೆ. ಗಡ್ಡ ಬಿಟ್ಟಿದ್ದೇನೆ. ವೇಷ ಮರೆಸಿಕೊಂಡಿದ್ದಾನೆ ಎನ್ನುತ್ತಾರೋ ಏನೋ. ಸುರಮಾ ಈಗ ಬಾಗಿಲು ಬಡಿದ ಸದ್ದಾದರೆ ನನ್ನನ್ನು ಹಿಂದಕ್ಕೆ ತಳ್ಳಿ ತಾನು ಹೋಗುತ್ತಾಳೆ. “ಯಾರು? ಯಾರು?” ಎಂದು ಮೂರು ಸಲ ಕೇಳುತ್ತಾಳೆ.

ಒಂದು ಪ್ರಶ್ನೆ. ಕಾದಂಬರಿಯನ್ನು ನಾನೂ ಓದಿದೆ. ನಿನ್ನ ಠಾಣೆಯಲ್ಲಿ ಒಂದು ಕಾಲಿಲ್ಲದ ಮೇಜಿದೆ, ಅದರ ಕೆಳಗೆ ಪಂಚಾಂಗಗಳ ಕಟ್ಟಿದೆ. ಹದಿನಾಲ್ಕನೆಯ ಅಧ್ಯಾಯ ಬರೆಯುವಾಗ ನನ್ನ ಕಾಗದ ನಿನ್ನ ಮೇಜಿನ ಮೇಲಿತ್ತೇ?

ಅವಸರ ಎಂದು ಬರೆಯಬೇಡ. ಹೌದು ಅಥವಾ ಇಲ್ಲ.

ಕಿರಣ್

*

ಕಾಲೀಘಾಟ್
5 ನವೆಂಬರ್ 1970

ಝಡು,

ಹೌದು.

ಇದನ್ನು ಬರೆಯಲು ಎರಡು ವಾರ ಬೇಕಾಯಿತು.

ನಿನ್ನ ಮೊದಲ ಕಾಗದ ಸೆಪ್ಟೆಂಬರ್ ನಾಲ್ಕನೆಯ ತಾರೀಕು ಬಂತು. ನಾನು ಅಷ್ಟು ಬಾಗಿ ಬರೆದಿದ್ದೆ, ನೀನು ‘ಶ್ರೀಮತಿ ಹಿರಣ್ಮಯಿ ಸೋಮ್ ಅವರಿಗೆ’ ಎಂದು ಬಾಗಿಲಲ್ಲೇ ನಿಲ್ಲಿಸಿದ್ದೆ. ಒಂದು ಸಾಲು ಕೇಳಿದರೆ ಕೊಡಲಿಲ್ಲ. ಐದನೆಯ ತಾರೀಕು ಬೆಳಗ್ಗೆ ಬರೆಯಲು ಕೂತೆ. ನನ್ನ ಟಿಪ್ಪಣಿಯಲ್ಲಿ ದ್ರೋಹಿಯಾಗಬೇಕಾಗಿದ್ದವನು ಔಷಧದಂಗಡಿಯವನು. ನಾನು ಅವನನ್ನು ಬಿಟ್ಟು ಮೇಷ್ಟ್ರನ್ನು ಠಾಣೆಗೆ ಕಳಿಸಿದೆ. ಬೆಂಚು, ಮೇಜು, ಪಂಚಾಂಗ ಎಲ್ಲ ನಿನ್ನ ಕಾಗದದಿಂದ ಎತ್ತಿಕೊಂಡೆ. ನೀನು ಹೇಳದೆ ಬಂದ ಹೆಸರುಗಳನ್ನು ಅವನ ಬಾಯಲ್ಲಿ ಹೇಳಿಸಿದೆ.

ಇನ್ನೂ ಒಂದಿದೆ. ಮುಗಿಸಿದಾಗ ನನಗೆ ಸಂತೋಷವಾಯಿತು. ಅಬನಿಬಾಬು ನಿಂತಲ್ಲೇ ಓದಿ, “ದಿದಿ, ಈಗ ಕಥೆ ಎದ್ದು ಕೂತ್ಕೊಳ್ತು” ಎಂದರು. ಅಂದು ಎರಡು ತಟ್ಟೆ ಅನ್ನ ಉಂಡೆ.

ಇದನ್ನು ಅಚ್ಚಿನಲ್ಲಿ ಹೇಳುವುದೆಂದು ನಿಶ್ಚಯಿಸಿ, ಒಂದೂವರೆ ಪುಟ ಬರೆದು ಸಂಪಾದಕರ ಹತ್ತಿರ ಹೋದೆ. ನೀನು ಬೇಡವೆಂದಿದ್ದು ನೆನಪಿತ್ತು. ಆದರೆ ಇದು ‘ಸಂಬಂಧವಿಲ್ಲ’ ಎನ್ನುವ ನುಣುಪಾದ ಹೇಳಿಕೆಯಾಗಿರಲಿಲ್ಲ. ಸೌರೀನ್‌ಬಾಬು ಓದಿ, ಕನ್ನಡಕ ತೆಗೆದಿಟ್ಟರು.

“ಹುಡುಗರು ನಿಮ್ಮ ಅಂಕಣಾನ ಕತ್ತರಿಸಿ ಜೇಬಲ್ಲಿಟ್ಕೊಂಡು ಓಡಾಡ್ತಾರೆ. ಇದನ್ನ ಹಾಕಿದ್ರೆ ಅವರಿಗೆ ಏನನ್ಸುತ್ತೆ? ಪೊಲೀಸ್ರು ಹಿರಣ್ಮಯಿ ದಿದಿನೂ ಕೊಂಡ್ಕೊಂಡ್ರು ಅಂತ.”

“ಅನ್ನಿಸ್ಲಿ. ಅಲ್ಲಿ ಒಬ್ಬ ಮನುಷ್ಯನ ಜೀವ ಇದೆ.”

“ಕಾದಂಬರಿ ಬರೆದೋರು ಕ್ಷಮೆ ಕೇಳಿದ್ರೆ ಕಾದಂಬರಿ ನಿಜ ಅಂತಾಗುತ್ತೆ. ಪುಸ್ತಕ ಮಾಡೋವಾಗ ಬೇರೆ ಹೆಸರು ಹಾಕಿ. ಹೆಸರಿಗೇನು ಬರ ಬಂದಿದೆಯಾ?”

“ಆ ಹೆಸರು ಇರೋದೇ ಒಂದು, ಸೌರೀನ್‌ಬಾಬು.”

ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟರು. ಹದಿನೆಂಟು ವರ್ಷ ಆ ಪತ್ರಿಕೆಯಲ್ಲಿ, ಜೈಲಿನಲ್ಲಿರುವವರ ಪರವಾಗಿ, ಅಚ್ಚು ಮಾಡಬಾರದ್ದನ್ನೆಲ್ಲ ಅಚ್ಚು ಮಾಡಿದ್ದೇನೆ. ನನ್ನ ತಪ್ಪಿಗೆ ಅಲ್ಲಿ ಜಾಗವಿಲ್ಲ.

ಬೇರೆ ದಾರಿ ಹುಡುಕುತ್ತೇನೆ. ಅಲ್ಲಿಯವರೆಗೆ ಹಾಲು ತರಲು ಹೋಗಬೇಡ.

ಹಿರಣ್ಮಯಿ

*

ನಬಪಲ್ಲಿ
24 ನವೆಂಬರ್ 1970

ದಿದಿ,

ಭಾನುವಾರ ನೀವು ಮನೆಯೊಳಗೆ ಬರಲಿಲ್ಲ. ಇವರು ಬೇಡವೆಂದಿದ್ದಾರೆ ಎಂದು ಬರಲಿಲ್ಲ, ನನಗೆ ಗೊತ್ತು. ಕಿಟಕಿಯ ಸಂದಿಯಿಂದ ನಾನು ಎಲ್ಲವನ್ನೂ ನೋಡಿದೆ. ನೀವು ಹೋದ ಮೇಲೆ ಏನಾಯಿತೆಂದು ನಿಮಗೆ ತಿಳಿಯಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸೆರಗು ಸಿಕ್ಕಿಸಿ, ಅಂಟಿನ ಡಬ್ಬಿ ಹಿಡಿದು ನೀವು ಕೊಳವೆಬಾವಿಯ ಗೋಡೆಯ ಹತ್ತಿರ ನಿಂತಾಗ ಯಾರಿಗೂ ಗುರುತು ಸಿಗಲಿಲ್ಲ. ಯಾವುದೋ ಪಕ್ಷದ ಪೋಸ್ಟರ್ ಅಂಟಿಸುವವರು ಎಂದುಕೊಂಡರು. ಮೇಲೆ ದೊಡ್ಡದಾಗಿ ‘ಕಾಶಬನ, ಆರನೆಯ ಸಂಚಿಕೆ’ ಎಂದಿದ್ದನ್ನು ಓದಿ ನಾನು ಇವರನ್ನು ಕರೆದೆ. ಇವರು ಕಿಟಕಿಯ ಹತ್ತಿರ ಬಂದು, ನೋಡಿ, ಹಿಂದೆ ಹೋಗಿ ಕೂತರು.

ಹಾಳೆಯ ಮೇಲರ್ಧದಲ್ಲಿ ಗಡಿಯಾಚೆ ನಮ್ಮ ಬಾರಿಸಾಲಿನ ಕಡೆ ಬಡಿದ ಬಿರುಗಾಳಿಯ ಸುದ್ದಿ ಇದ್ದದ್ದಕ್ಕೇ ಅಷ್ಟು ಜನ ಸೇರಿದ್ದು. ಹತ್ತು ದಿನದಿಂದ ನಮ್ಮ ಕಡೆಯ ಸುದ್ದಿಗಾಗಿ ಎಲ್ಲರೂ ಬಾಯಿಬಿಟ್ಟುಕೊಂಡು ಕೂತಿದ್ದರು. ಯಾವ ನದಿಯ ದಡದಲ್ಲಿ ಯಾವ ಹಳ್ಳಿ ಉಳಿಯಿತು, ಯಾವುದು ಹೋಯಿತು ಎಂದು ಯಾವ ಪತ್ರಿಕೆಯೂ ಹೆಸರು ಹಿಡಿದು ಬರೆದಿರಲಿಲ್ಲ. ನೀವು ಬರೆದಿದ್ದಿರಿ. ಹೆಂಗಸರು ತಮ್ಮ ತವರೂರಿನ ಹೆಸರು ಹುಡುಕುತ್ತ ಅಳುತ್ತಿದ್ದರು. ಕ್ಷೀರೋದಾ ಮಾಸಿಗೆ ಓದಲು ಬರುವುದಿಲ್ಲ. “ಗಟ್ಟಿಯಾಗಿ ಓದ್ರೋ, ಹಿಂದಿರೋರಿಗೆ ಕೇಳ್ತಿಲ್ಲ!” ಎಂದು ಕೂಗಿದ್ದು ಅವರೇ.

ಕ್ಲಬ್ಬಿನ ಸುಬಿಮಲ್ ಓದುತ್ತ ಓದುತ್ತ ಕೆಳಗಿನ ಅರ್ಧಕ್ಕೆ ಬಂದುಬಿಟ್ಟ. ಬಂದ ಮೇಲೆ ನಿಲ್ಲಿಸಲಾಗಲಿಲ್ಲ. ‘ಈ ಮನುಷ್ಯನ ಹೆಸರನ್ನು ಕದ್ದವಳು ನಾನು. ಅವನು ನನಗೆ ಒಂದು ಸಾಲು ಕೊಡಲಿಲ್ಲ ಎಂಬ ಕೋಪಕ್ಕೆ ಅವನನ್ನು ಠಾಣೆಗೆ ಕಳಿಸಿದವಳು ನಾನು. ಅವನು ನಿಜವಾಗಿ ಠಾಣೆಗೆ ಯಾಕೆ ಹೋಗಿದ್ದ, ಅಲ್ಲಿ ಏನು ಹೇಳಲಿಲ್ಲ ಎಂಬುದು ಪಕ್ಕದ ಕಾಗದದಲ್ಲಿದೆ. ತಾರೀಕು ನೋಡಿಕೊಳ್ಳಿ.’ ಇವರು ನಿಮಗೆ ಬರೆದ ಕಾಗದವನ್ನೇ ಅಂಟಿಸಿಬಿಟ್ಟಿದ್ದಿರಿ! ಲಕೋಟೆ ಸಮೇತ, ಅಂಚೆಯ ಮುದ್ರೆ ಸಮೇತ. ನಿಮಗೆ ಇವರು ಚುಚ್ಚಿ ಬರೆದ ಮಾತುಗಳನ್ನೆಲ್ಲ ಇಡೀ ಕಾಲನಿ ಓದಿತು. ಪುಸ್ತಕ ಓದಿಯೇ ಸುಟ್ಟರು ಎನ್ನುವಲ್ಲಿ ಯಾರೋ ನಕ್ಕರು. ನೀವೂ ನಕ್ಕಿರಿ.

ಸುಬಿಮಲ್ ನಿಮ್ಮನ್ನು ಕೇಳಿದ್ದು ನನಗೆ ಸರಿಯಾಗಿ ಕೇಳಿಸಿತು.

“ಇದು ಪೊಲೀಸ್ರು ಬರೆಸಿದ್ದಲ್ಲ ಅಂತ ಹೇಗೆ ನಂಬೋದು?”

“ಪೊಲೀಸ್ರಿಗೆ ಇಷ್ಟು ಚೆನ್ನಾಗಿ ಬರಿಯೋಕೆ ಬಂದಿದ್ರೆ ನಾನು ಯಾವತ್ತೋ ಪೆನ್ನು ಕೆಳಗಿಡ್ತಿದ್ದೆ.”

“ತಮಾಷೆ ಬೇಡ ದಿದಿ. ನಮ್ಮ ಹುಡುಗರು ಒಳಗಿದಾರೆ.”

“ತಮಾಷೆ ಅಲ್ಲಪ್ಪ. ಹದಿನಾಲ್ಕನೇ ಅಧ್ಯಾಯ ಬರೆದೋಳೂ ನಾನೇ, ಈ ಹಾಳೆ ಬರೆದೋಳೂ ನಾನೇ. ಅದನ್ನ ಒಂದೇ ಸಲಕ್ಕೆ ನಂಬಿದ್ರಿ. ಇದಕ್ಕೆ ಮಾತ್ರ ಸಾಕ್ಷಿ ಕೇಳ್ತೀರಾ?”

ನೀವು ಡಬ್ಬಿ ಎತ್ತಿಕೊಂಡು ಬಸ್ಸಿನ ಕಡೆಗೆ ನಡೆದಿರಿ. ಚಪ್ಪಲಿಗೆ ಅಂಟು ಮೆತ್ತಿಕೊಂಡಿತ್ತು.

ದಿದಿ, ಎರಡು ದಿನವಾಯಿತು. ಯಾರೂ ಹಾಳೆಯನ್ನು ಕಿತ್ತಿಲ್ಲ. ಯಾರೂ ನಮ್ಮ ಮನೆಗೂ ಬಂದಿಲ್ಲ. ಇವರು ನಿನ್ನೆ ಹಾಲು ತರಲು ತಾವೇ ಹೋದರು, ನಾನು ತಡೆಯುವಷ್ಟರಲ್ಲಿ ಹೋಗಿಬಿಟ್ಟರು. ಅವರು ವಾಪಸು ಬರುವವರೆಗೆ ಹೊಸ್ತಿಲ ಮೇಲೆ ನಿಂತೇ ಇದ್ದೆ. ಹಾಲು ತಂದರು.

ಸುರಮಾ

*

ನಬಪಲ್ಲಿ
13 ಡಿಸೆಂಬರ್ 1970

ಬುಲು,

ಬರಬೇಡ ಎಂದರೆ ಬಂದೆ. ನನ್ನ ಕಾಗದವನ್ನು ನನ್ನನ್ನು ಕೇಳದೆ ಗೋಡೆಗೆ ಅಂಟಿಸಿದೆ. ನೀನು ಯಾವಾಗ ಯಾರನ್ನು ಕೇಳಿದ್ದೀಯ?

ನಿನ್ನ ಅಂಕಣ ನಿಂತುಹೋಗಿದೆ ಎಂದು ಕ್ಲಬ್ಬಿನ ಹುಡುಗರು ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ನಿಲ್ಲಿಸಿದ್ದು ನೀನೋ ಅವರೋ, ಗೊತ್ತಾಗಲಿಲ್ಲ. ಕೇಳಲೂ ಹೋಗುವುದಿಲ್ಲ.

ಇಲ್ಲಿನ ವಿಷಯ. ಟಾರಿನ ಬರಹದ ಮೇಲೆ ಯಾರೋ ಸುಣ್ಣ ಬಳಿದಿದ್ದಾರೆ. ನಿನ್ನ ಹಾಳೆಯ ಒಂದು ಮೂಲೆ ಮೇಯುವ ಆಡಿಗೆ ಹೋಯಿತು, ಉಳಿದದ್ದು ಇದೆ. ಮೀನಿನವನು ಕೂಗು ನಿಲ್ಲಿಸುವುದಿಲ್ಲ. ನಿತಾಯಿ ಗಡ್ಡ ಬೋಳಿಸಿದ, ಕೈ ನಡುಗಲಿಲ್ಲ. “ಕೂತ್ಕೊಳ್ಳಿ ಕಿರಣ್‌ಬಾಬು” ಎಂದ. ಬುಲು, ಈಗ ಎಲ್ಲರೂ ಹೀಗೇ. ಕಿರಣ್‌ಬಾಬು ಚೆನ್ನಾಗಿದೀರಾ, ಕಿರಣ್‌ಬಾಬು ಶಾಲೆ ಇದೆಯಾ. ನಲವತ್ತಾರು ವರ್ಷದಲ್ಲಿ ಪೋಸ್ಟ್‌ಮ್ಯಾನ್ ಒಬ್ಬನನ್ನು ಬಿಟ್ಟು ಯಾರೂ ನನ್ನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಇನ್ನೊಂದು ಹೆಸರನ್ನು ಬಾಯಿಗೆ ತಂದುಕೊಳ್ಳಲು ಅವರಿಗೆ ಸಂಕೋಚ. ಅದು ಕಾದಂಬರಿಯೊಳಗೆ ಹೋಗಿ ಕೊಳೆಯಾಗಿ ಬಂದಿದೆ. ಒಗೆದು ಕೊಟ್ಟೆ ನೀನು, ಆದರೂ ಯಾರೂ ಮುಟ್ಟುವುದಿಲ್ಲ.

ಎದುರುಮನೆಯ ಬಾಗಿಲು ಮಾತ್ರ ನಮ್ಮ ಕಡೆಗೆ ತೆರೆದೇ ಇಲ್ಲ. ಮಾಸಿ ಹಿಂಬದಿಯಿಂದ ಓಡಾಡುತ್ತಾಳೆ. ಶಂಟು ಇನ್ನೂ ಒಳಗೇ ಇದ್ದಾನೆ. ಬಾರಿಸಾಲಿನಿಂದ ಒಂದೇ ಸ್ಟೀಮರಿನಲ್ಲಿ ಬಂದವರು ನಾವು, ನನ್ನ ಅಮ್ಮನ ಬಾಯಿಗೆ ಕೊನೆಯ ನೀರು ಹಾಕಿದ್ದು ಅವಳು. ಉಳಿದವರೆಲ್ಲ ನಂಬಿ ಅವಳು ನಂಬದಿದ್ದರೆ, ನಂಬಿದಂತಲ್ಲ.

ಆದ್ದರಿಂದ ಹೊರಟಿದ್ದೇವೆ. ಜಲ್ಪಾಯ್‌ಗುಡಿಯಲ್ಲಿ ಸುರಮಾಳ ಅಣ್ಣನ ಶಾಲೆಯಲ್ಲಿ ಒಂದು ಜಾಗವಿದೆ. ಜನವರಿಗೆ ಹೋಗುತ್ತೇವೆ. ಅಲ್ಲಿ ಮೊದಲ ದಿನದಿಂದಲೇ ಕಿರಣ್‌ಬಾಬು.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ನೀನು ಕೇಳಲಿಲ್ಲ, ಒಳ್ಳೆಯದಾಯಿತು. ಕೇಳದೆ ಹೋದದ್ದಕ್ಕೆ, ಕೇಳಿದ ಸಾಲನ್ನು ಕೊಡುತ್ತೇನೆ. ಅದು ಹೀಗಿತ್ತು: ‘ಯಾರೆಂದು ಕೇಳಿದಳು ಅಮ್ಮ, ಉತ್ತರಕ್ಕೆ ಕಾಯದೆ ತೆರೆದಳು.’

ಎಲ್ಲಿಯಾದರೂ ಹಾಕಿಕೋ.

ಕಿರಣ್‌ಶಂಕರ್

ಮತ್ತೆ: ಇದನ್ನು ಮಡಿಸಿ ಲಕೋಟೆಗೆ ಹಾಕಿ ಅಂಟು ಹುಡುಕುತ್ತಿದ್ದೆ. ಬೆಳಗ್ಗೆ ಹತ್ತು ಗಂಟೆ. ಬಾಗಿಲು ಬಡಿದ ಸದ್ದಾಯಿತು. ಸುರಮಾ ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ನಾನೇ “ಯಾರು?” ಎಂದೆ. ಎಂದವನು ನಿಲ್ಲಲಿಲ್ಲ, ಚಿಲಕ ತೆಗೆದುಬಿಟ್ಟೆ. ಕ್ಷೀರೋದಾ ಮಾಸಿ ನಿಂತಿದ್ದಳು. ಕೈಯಲ್ಲಿ ಜೈಲಿನ ಮೊಹರಿದ್ದ ಒಂದು ಕಾರ್ಡು. ಒಳಗೆ ಕಾಲಿಡಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

“ಝಡು, ಶಂಟು ಕಾಗದ ಬಂದಿದೆ ಕಣೋ. ಓದಿ ಹೇಳು. ಆಮೇಲೆ ಪೆನ್ನು ತಗೋ, ಅವನಿಗೆ ಉತ್ತರ ಬರೀಬೇಕು, ನಾನು ಹೇಳ್ತೀನಿ. ಕೊನೇಲಿ ನಿನ್ನ ಹೆಸರೂ ಹಾಕು, ನಾವು ಕರಿಯೋ ಹೆಸರು. ಬರೆದಿದ್ದು ಯಾರು ಅಂತ ಹುಡುಗನಿಗೆ ಗೊತ್ತಾಗ್ಬೇಕು.”